ನಾಲ್ಕು ಚಕ್ರಕ್ಕೂ ಒಂದೇ ಸುತ್ತಳತೆ

ಕೇಳುಗರಿಗೆ ನಮಸ್ಕಾರ.

ಮಳೆಗಾಲಕ್ಕೆ ಮುಂಚೆ ಟೈರ್ ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು: ‘ಹಿಂದಿನ ಎರಡು ಸವೆದಿವೆ, ಎರಡು ಹೊಸದು ಹಾಕಿಬಿಡಿ.’ ಸಾಧಾರಣ ಕಾರಿಗೆ ಈ ಲೆಕ್ಕ ನಡೆಯುತ್ತದೆ. ಫೋರ್ ವೀಲ್ ಡ್ರೈವ್ ಇರುವ ಜೀಪು, ಎಸ್‌ಯುವಿಗಳಿಗೆ ಕೆಲವೊಮ್ಮೆ ಮಾತ್ರ ನಡೆಯುತ್ತದೆ. ನಡೆಯದೆ ಹೋದರೆ ಟೈರಿನಲ್ಲಿ ಉಳಿಸಿದ ಹಣಕ್ಕಿಂತ ಹೆಚ್ಚಿನದು, ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸುವುದಕ್ಕೆ ಹೋಗುತ್ತದೆ.

ಮೊದಲು ನಿಮ್ಮ ವಾಹನ ಯಾವ ಜಾತಿಯದು ಎಂದು ತಿಳಿದುಕೊಳ್ಳಿ. ಥಾರ್, ಜಿಮ್ನಿ, ಹಳೆಯ ಜಿಪ್ಸಿ, ಗೂರ್ಖಾ, ಇವುಗಳಲ್ಲಿ ಬೇಕಾದಾಗ ಮಾತ್ರ ಲಿವರ್ ಎಳೆದು ಫೋರ್ ವೀಲ್ ಹಾಕುತ್ತೇವೆ. ಲಿವರ್ ಬಿದ್ದ ಕೂಡಲೇ ಟ್ರಾನ್ಸ್‌ಫರ್ ಕೇಸ್ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಒಂದಕ್ಕೊಂದು ಬಿಗಿಯಾಗಿ ಜೋಡಿಸುತ್ತದೆ. ಆಮೇಲೆ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು, ಎರಡಕ್ಕೂ ಬೇರೆ ಬೇರೆ ವೇಗ ಬಿಟ್ಟುಕೊಡುವ ಡಿಫರೆನ್ಷಿಯಲ್ ಎಂಬ ಗೇರು ಜೋಡಣೆ ನಡುವೆ ಇಲ್ಲ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದರ ಹೆಜ್ಜೆ ಉದ್ದ, ಇನ್ನೊಂದರದು ಗಿಡ್ಡವಾದರೆ ಏನಾಗುತ್ತದೋ, ಮುಂದಿನ ಚಕ್ರದ ಸುತ್ತಳತೆ ಹಿಂದಿನದಕ್ಕಿಂತ ಬೇರೆಯಾದಾಗಲೂ ಅದೇ ಆಗುತ್ತದೆ.

ಥಾರ್ ಗಾಡಿಯನ್ನೇ ತೆಗೆದುಕೊಳ್ಳೋಣ. 2020ರಲ್ಲಿ ಬಂದ ಮಾದರಿಗೆ ಕಂಪನಿಯೇ ಎರಡು ಅಳತೆಯ ಟೈರ್ ಕೊಟ್ಟಿತ್ತು. ಒಂದು ಬಗೆಗೆ 255/65 ಆರ್ 18, ಇನ್ನೊಂದಕ್ಕೆ 245/75 ಆರ್ 16. ಲೆಕ್ಕ ಹಾಕುವ ಕ್ರಮ ಹೀಗಿದೆ. 255 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಟೈರಿನ ಪಕ್ಕದ ಗೋಡೆಯ, ಅಂದರೆ ರಿಮ್ಮಿನಿಂದ ಹೊರಮೈವರೆಗಿನ ಭಾಗದ, ಎತ್ತರ ಆ ಅಗಲದ ಶೇಕಡಾ 65. ಆ ಎತ್ತರವನ್ನು ಎರಡರಿಂದ ಗುಣಿಸಿ, 18 ಇಂಚಿನ ರಿಮ್ಮನ್ನು ಮಿಲಿಮೀಟರಿಗೆ ತಿರುಗಿಸಿ ಕೂಡಿಸಿದರೆ ಸುಮಾರು 789 ಮಿಲಿಮೀಟರ್ ವ್ಯಾಸ ಬರುತ್ತದೆ. 16 ಇಂಚಿನದಕ್ಕೆ ಹೀಗೆಯೇ ಮಾಡಿದರೆ 774. ವ್ಯಾಸದಲ್ಲಿ 15 ಮಿಲಿಮೀಟರ್ ವ್ಯತ್ಯಾಸ, ನಿಂತು ನೋಡಿದರೆ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಒಂದು ಸುತ್ತಿಗೆ ದೊಡ್ಡ ಟೈರ್ 46 ಮಿಲಿಮೀಟರಿನಷ್ಟು ಹೆಚ್ಚು ದೂರ ಹೋಗುತ್ತದೆ. ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಚಿಕ್ಕ ಟೈರ್ ಏಳೆಂಟು ಸುತ್ತು ಜಾಸ್ತಿ ತಿರುಗಿರಬೇಕು. ಆಕ್ಸಲ್ಲಿನ ಗೇರ್ ಅನುಪಾತ 4, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ನಾಲ್ಕು ಸುತ್ತು, ಎಂದು ಹಿಡಿದರೆ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಅದು 30 ಸುತ್ತಿನ ಜಗಳ. ಎರಡೂ ಅಳತೆ ಕಂಪನಿಯವೇ, ಎರಡೂ ಸರಿಯಾದವೇ. ಆದರೂ ಮುಂದೆ ಒಂದು, ಹಿಂದೆ ಒಂದು ಹಾಕುವಂತಿಲ್ಲ.

ಆ 30 ಸುತ್ತು ಎಲ್ಲಿಗೆ ಹೋಗುತ್ತದೆ? ಕೆಸರಿನಲ್ಲಿ, ಮರಳಿನಲ್ಲಿ, ಸಡಿಲ ಜಲ್ಲಿಯಲ್ಲಿ ಯಾವುದೋ ಒಂದು ಚಕ್ರ ಸ್ವಲ್ಪ ಜಾರಿ ತೀರಿಸಿಬಿಡುತ್ತದೆ. ಒಣ ಟಾರಿನಲ್ಲಿ, ಕಾಂಕ್ರೀಟಿನಲ್ಲಿ ಚಕ್ರ ಜಾರುವುದಿಲ್ಲ. ಶಾಫ್ಟ್, ಅದರ ಕೀಲಿನ ಕ್ರಾಸ್ ಬೇರಿಂಗ್, ಟ್ರಾನ್ಸ್‌ಫರ್ ಕೇಸಿನೊಳಗಿನ ಚೈನು ಅಥವಾ ಗೇರು, ಎಲ್ಲವೂ ತಿರುಚಿಕೊಂಡು ಬಿಗಿಯುತ್ತಾ ಹೋಗುತ್ತವೆ. ತೋಟದ ರಸ್ತೆಗಳಲ್ಲಿ ಅಪಾಯ ಹೆಚ್ಚು. ಏರಿನ ತಿರುವಿಗೆ ಕಾಂಕ್ರೀಟು, ಮುಂದೆ ಮಣ್ಣು, ಮತ್ತೆ ಕಾಂಕ್ರೀಟು. ಚಾಲಕ ಫೋರ್ ವೀಲ್ ತೆಗೆಯದೆ ಹೋಗುತ್ತಾನೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೇಗಿದ್ದರೂ ಹಿಂದಿನವಕ್ಕಿಂತ ಉದ್ದದ ದಾರಿ ತುಳಿಯುತ್ತವೆ, ಹೆಚ್ಚು ಸುತ್ತು ತಿರುಗಲು ಹವಣಿಸುತ್ತವೆ. ಅವೇ ಚಿಕ್ಕವಾಗಿದ್ದರೆ ಎರಡೂ ಕೂಡಿಕೊಂಡು ಒತ್ತಡ ಇನ್ನೂ ಏರುತ್ತದೆ.

ಲಕ್ಷಣಗಳು ಸ್ಪಷ್ಟವಾಗಿವೆ. ಸ್ಟೀರಿಂಗ್ ಭಾರವಾಗುತ್ತದೆ. ನಿಧಾನಕ್ಕೆ ತಿರುಗಿಸಿದಾಗ ಗಾಡಿ ಬ್ರೇಕ್ ಹಿಡಿದಂತೆ ತಡೆದು ತಡೆದು ಕುಪ್ಪಳಿಸುತ್ತದೆ, ಟೈರ್ ಕಿರ್ ಎನ್ನುತ್ತದೆ. ಲಿವರ್ ಟೂ ವೀಲಿಗೆ ವಾಪಸ್ ಬರುವುದಿಲ್ಲ. ಆಗ ಲಿವರನ್ನು ಬಲವಂತವಾಗಿ ಎಳೆಯಬೇಡಿ, ಒಳಗೆ ಗೇರು ಸರಿಸುವ ಫೋರ್ಕ್ ಬಾಗಬಹುದು. ಸ್ಟೀರಿಂಗ್ ನೇರ ಮಾಡಿ, ರಿವರ್ಸ್ ಹಾಕಿ, ಕೆಲವು ಮೀಟರ್ ಹಿಂದಕ್ಕೆ ಹೋಗಿ. ತಿರುಚು ಬಿಚ್ಚಿಕೊಂಡು ಲಿವರ್ ಸಲೀಸಾಗಿ ಬರುತ್ತದೆ. ಬಾರದಿದ್ದರೆ ಒಂದು ಪಕ್ಕದ ಚಕ್ರಗಳನ್ನು ರಸ್ತೆಯಂಚಿನ ಸಡಿಲ ಮಣ್ಣಿಗೆ ಇಳಿಸಿ ಮತ್ತೆ ಪ್ರಯತ್ನಿಸಿ.

ಇನ್ನೊಂದು ಜಾತಿ, ಸದಾಕಾಲ ಅಥವಾ ತಾನಾಗಿಯೇ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ವಾಹನಗಳು. ಲ್ಯಾಂಡ್ ಕ್ರೂಸರ್ ಪ್ರಾಡೋದಂಥವುಗಳಲ್ಲಿ ನಡುವೆ ಡಿಫರೆನ್ಷಿಯಲ್ ಇದೆ. ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್‌ನಂಥವುಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಶಕ್ತಿ ಕಳಿಸುವುದು ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳು. ಇಲ್ಲಿ ಕುಪ್ಪಳಿಸುವ ಲಕ್ಷಣ ಕಾಣದೆ ಹೋಗಬಹುದು, ಹಾಗಾಗಿ ಮಾಲೀಕ ನಿಶ್ಚಿಂತೆಯಿಂದಿರುತ್ತಾನೆ. ಒಳಗೆ ಮಾತ್ರ ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ ಬಿಡುವಿಲ್ಲದೆ ದುಡಿಯುತ್ತದೆ, ಪ್ಲೇಟುಗಳು ಉಜ್ಜಿ ಉಜ್ಜಿ ಎಣ್ಣೆ ಕಾಯುತ್ತದೆ. ಚಕ್ರದ ವೇಗ ಎಣಿಸುವ ಎಬಿಎಸ್ ಸೆನ್ಸರುಗಳಿಗೆ ಚಿಕ್ಕ ಟೈರ್ ಸದಾ ಜಾರುತ್ತಿರುವ ಚಕ್ರದಂತೆ ಕಾಣುತ್ತದೆ. ಇಲ್ಲದ ಜಾರಿಕೆಗೆ ಕಂಪ್ಯೂಟರ್ ಪ್ಲೇಟನ್ನು ಒತ್ತಬಹುದು. ಲಿವರ್ ಎಳೆದು ತಪ್ಪಿಸಿಕೊಳ್ಳುವ ದಾರಿಯೂ ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಟೈರ್ ಬೆರಕೆಯನ್ನು ಇವು ಥಾರ್, ಜಿಮ್ನಿಗಳಿಗಿಂತ ಕಡಿಮೆ ಸಹಿಸುತ್ತವೆ ಎಂದು ಧೈರ್ಯವಾಗಿ ಹೇಳಬಹುದು.

ಅಳತೆ, ಕಂಪನಿ, ಮಾದರಿ ಎಲ್ಲ ಒಂದೇ ಆದರೂ ಸಾಲದು. ಹೊಸ ಟೈರಿನ ಟ್ರೆಡ್, ಅಂದರೆ ನೆಲ ಹಿಡಿಯುವ ಮೈಯ ಸಂದುಗಳು, 9 ಮಿಲಿಮೀಟರ್ ಆಳವಿದ್ದು, ಹಳೆಯದರಲ್ಲಿ 4 ಉಳಿದಿದ್ದರೆ, ಸುತ್ತಳತೆಯಲ್ಲಿ 31 ಮಿಲಿಮೀಟರ್ ಕಡಿಮೆಯಾಯಿತು. ಥಾರಿನ ಎರಡು ಅಳತೆಗಳ ನಡುವಿನ ವ್ಯತ್ಯಾಸದ ಮೂರನೇ ಎರಡು ಪಾಲು ಬರೀ ಸವೆತದಿಂದಲೇ ಬಂತು. ಅಮೆರಿಕದಲ್ಲಿ ಸುಬಾರು ಕಂಪನಿಯ ಕಾರು ಓಡಿಸುವ ನಮ್ಮವರಿಗೆ ಇದು ಗೊತ್ತಿರುತ್ತದೆ. ನಾಲ್ಕು ಟೈರಿನ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ, ಅಂದರೆ ಸುಮಾರು 6 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಎನ್ನುತ್ತದೆ ಆ ಕಂಪನಿ. ಟ್ರೆಡ್ಡಿನ ಆಳದಲ್ಲಿ ಹೇಳುವುದಾದರೆ ಕೇವಲ 1 ಮಿಲಿಮೀಟರ್. ಎಲ್ಲ ಕಂಪನಿಗಳೂ ಇಷ್ಟು ಬಿಗಿಯಲ್ಲ. ನಿಮ್ಮ ಗಾಡಿಯ ಮಿತಿಗೆ ಓನರ್ಸ್ ಮ್ಯಾನ್ಯುಯಲ್ ನೋಡಿ.

ಮನೆಯಂಗಳದಲ್ಲೇ ಅಳೆಯುವ ಒಂದು ವಿಧಾನ ಹೇಳುತ್ತೇನೆ. ಬೇಕಾದ್ದು ಸೀಮೆಸುಣ್ಣ, ದರ್ಜಿಯ ಟೇಪು, 30 ಮೀಟರ್ ಸಮತಟ್ಟಾದ ಗಟ್ಟಿ ನೆಲ, ತಳ್ಳಲು ಮೂವರು. ಟೈರ್ ತಣ್ಣಗಿದ್ದಾಗ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟೇ ಗಾಳಿ ಹಾಕಿ. ಗಾಳಿ ಸರಿಯಿಲ್ಲದೆ ಅಳೆದರೆ ಅಳತೆಯೇ ಸುಳ್ಳು. ಗಾಡಿ ಟೂ ವೀಲಿನಲ್ಲಿ, ಗೇರ್ ನ್ಯೂಟ್ರಲ್‌ನಲ್ಲಿ, ಸ್ಟೀರಿಂಗ್ ನೇರವಾಗಿ ಇರಲಿ. ಬ್ರೇಕ್ ಮೇಲೆ ಕಾಲಿಡಲು ಒಬ್ಬರು ಒಳಗೆ ಕೂತಿರಲೇಬೇಕು. ನಾಲ್ಕೂ ಟೈರ್ ನೆಲ ಮುಟ್ಟುವ ಜಾಗದ ನೇರಕ್ಕೆ ಟೈರಿನ ಪಕ್ಕದ ಗೋಡೆಯ ಮೇಲೆ ಒಂದೊಂದು ಗೆರೆ ಎಳೆಯಿರಿ. ಗಾಡಿಯನ್ನು ನೇರಕ್ಕೆ ತಳ್ಳಿ, ಮುಂದಿನ ಬಲಚಕ್ರದ ಗೆರೆ ಹತ್ತನೇ ಸಲ ಕೆಳಗೆ ಬಂದಾಗ ನಿಲ್ಲಿಸಿ. ಉಳಿದ ಮೂರರ ಗೆರೆ ಎಲ್ಲಿದೆ ನೋಡಿ. ಕೆಳಗೆ ನಿಂತಿರಬೇಕಾದ ಜಾಗದಿಂದ ಎಷ್ಟು ಆಚೀಚೆ ಇದೆಯೋ ಅದನ್ನು ಟೈರಿನ ಹೊರಮೈ ಮೇಲೆ ಟೇಪಿನಿಂದ ಅಳೆದು ಹತ್ತರಿಂದ ಭಾಗಿಸಿದರೆ ಒಂದು ಸುತ್ತಿನ ವ್ಯತ್ಯಾಸ ಸಿಕ್ಕಿತು. 24 ಸೆಂಟಿಮೀಟರ್ ತಪ್ಪಿದ್ದರೆ ಹೆಚ್ಚುಕಡಿಮೆ ಶೇಕಡಾ 1. ಸುಬಾರು ಹೇಳುವ ಮಿತಿ ಇಲ್ಲಿ 6 ಸೆಂಟಿಮೀಟರಾಗುತ್ತದೆ. ಟೈರಿನ ಮೇಲೆ ಬರೆದ ಅಂಕಿಗಿಂತ ಈ ಅಳತೆಯನ್ನು ನಂಬಿ. ಯಾಕೆಂದರೆ ಒಂದೇ ಅಂಕಿ ಬರೆದ ಎರಡು ಕಂಪನಿಯ ಟೈರುಗಳು ನಿಜದಲ್ಲಿ ಒಂದೇ ಸುತ್ತಳತೆ ಇರಬೇಕೆಂದಿಲ್ಲ.

ಇನ್ನು ಟ್ರೆಡ್ಡಿನ ಬಗೆ. ರಸ್ತೆಗೆಂದು ಮಾಡಿದ ಎಚ್‌ಟಿ, ರಸ್ತೆಗೂ ಕಚ್ಚಾ ದಾರಿಗೂ ನಡೆಯುವ ಎಟಿ, ಕೆಸರಿನ ಎಂಟಿ. ಹಿಂದೆ ಮಾತ್ರ ಎಂಟಿ ಹಾಕಿ ‘ತಳ್ಳುವುದು ಹಿಂದಿನ ಚಕ್ರ ತಾನೇ’ ಎನ್ನುವವರಿದ್ದಾರೆ. ಮಳೆಯಲ್ಲಿ ನೆನೆದ ಟಾರಿನ ಮೇಲೆ ಎಂಟಿಯ ಅಗಲ ಸಂದುಗಳಿಂದಾಗಿ ರಸ್ತೆ ಹಿಡಿಯುವ ರಬ್ಬರ್ ಕಡಿಮೆ. ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಹಿಂಭಾಗ ಮೊದಲು ಜಾರುತ್ತದೆ. ಹಿಂದೆ ಜಾರಿದ ಗಾಡಿಯನ್ನು ಹಿಡಿತಕ್ಕೆ ತರುವುದು ಮುಂದೆ ಜಾರಿದ್ದಕ್ಕಿಂತ ಬಹಳ ಕಷ್ಟ. ಹಳೆಯ ಜೀಪುಗಳಲ್ಲಿ ಇನ್ನೂ ಉಳಿದಿರುವ ನೈಲಾನ್ ಟೈರನ್ನು ರೇಡಿಯಲ್ ಜತೆ ಬೆರೆಸುವುದನ್ನಂತೂ ಬಿಟ್ಟೇಬಿಡಿ. ಎರಡರ ಪಕ್ಕದ ಗೋಡೆ ಬಾಗುವ ರೀತಿಯೇ ಬೇರೆ. ಒಂದೇ ಆಕ್ಸಲ್ಲಿನಲ್ಲಿ ಎರಡೂ ಇದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ.

ಚೂಪು ಕಲ್ಲು ತಾಗಿ ಒಂದು ಟೈರಿನ ಪಕ್ಕ ಸೀಳಿತು ಎನ್ನಿ. ಪಕ್ಕದ ಗೋಡೆಗೆ ಪಂಕ್ಚರ್ ಹಾಕಿ ಓಡಿಸುವಂತಿಲ್ಲ. ಉಳಿದ ಮೂರರಲ್ಲಿ ಅರ್ಧ ಟ್ರೆಡ್ ಇದೆ. ಥಾರ್, ಜಿಮ್ನಿಯಂಥ ಗಾಡಿಯಾದರೆ ಅದೇ ಅಳತೆ, ಅದೇ ಮಾದರಿಯ ಎರಡು ಹೊಸದನ್ನು ಕೊಂಡು ಎರಡನ್ನೂ ಹಿಂದಕ್ಕೆ ಹಾಕಿ. ಮೂರರಲ್ಲಿ ಒಳ್ಳೆಯವೆರಡು ಮುಂದಿರಲಿ, ಮಿಕ್ಕಿದ್ದು ಸ್ಟೆಪ್ನಿಯಾಗಲಿ. ಸವೆತ ಸಮವಾಗುವ ತನಕ ಫೋರ್ ವೀಲನ್ನು ಕೆಸರಿಗೆ ಮಾತ್ರ ಬಳಸಿ. ಸದಾ ಫೋರ್ ವೀಲ್ ಇರುವ ಗಾಡಿಗೆ ಅದೇ ಮಾದರಿಯ, ಅಷ್ಟೇ ಸವೆದ ಒಂದು ಟೈರ್ ಹುಡುಕಿ. ಸಿಗದಿದ್ದರೆ ನಾಲ್ಕನ್ನೂ ಬದಲಿಸುವುದೇ ಅಗ್ಗ. ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕಂಕಿ ಓದಿ. 2322 ಎಂದರೆ 2022ರ 23ನೇ ವಾರದ ತಯಾರಿ.

ಈ ಪೇಚಾಟ ತಪ್ಪಿಸಲು ಸ್ಟೆಪ್ನಿಯನ್ನೂ ಸರದಿಗೆ ಸೇರಿಸಬೇಕು. ಐದೂ ಒಂದೇ ಬಗೆಯವಾದರೆ 8 ರಿಂದ 10 ಸಾವಿರ ಕಿಲೋಮೀಟರಿಗೊಮ್ಮೆ ಹೀಗೆ ಬದಲಿಸಿ: ಹಿಂದಿನ ಎರಡೂ ಆಯಾ ಪಕ್ಕದಲ್ಲೇ ಮುಂದಕ್ಕೆ, ಮುಂದಿನ ಬಲದ್ದು ಹಿಂದಿನ ಎಡಕ್ಕೆ, ಮುಂದಿನ ಎಡದ್ದು ಸ್ಟೆಪ್ನಿಗೆ, ಸ್ಟೆಪ್ನಿ ಹಿಂದಿನ ಬಲಕ್ಕೆ. ಒಂದೇ ದಿಕ್ಕಿಗೆ ತಿರುಗಬೇಕೆಂದು ಬಾಣದ ಗುರುತಿರುವ ಟೈರಿಗೆ ಈ ಕ್ರಮ ಸಲ್ಲದು. ಜಿಮ್ನಿಗೆ 195/80 ಆರ್ 15 ತೆಗೆದು 215/75 ಆರ್ 15 ಹಾಕಿಸುವವರು ಸ್ಟೆಪ್ನಿಯನ್ನು ಹಳೆಯದೇ ಬಿಟ್ಟಿರುತ್ತಾರೆ. ವ್ಯಾಸದಲ್ಲಿ 10 ಮಿಲಿಮೀಟರ್ ವ್ಯತ್ಯಾಸ. ಆ ಸ್ಟೆಪ್ನಿ ಹಾಕಿಕೊಂಡು ಟೂ ವೀಲಿನಲ್ಲಿ ಪಂಕ್ಚರ್ ಅಂಗಡಿಯವರೆಗೆ ಹೋಗಬಹುದು, ಅಷ್ಟೇ.

ಟ್ರ್ಯಾಕ್ಟರ್ ಇರುವ ರೈತರಿಗೂ ಒಂದು ಮಾತು. ಫೋರ್ ವೀಲ್ ಟ್ರ್ಯಾಕ್ಟರಿನಲ್ಲಿ ಮುಂದಿನ ಟೈರ್ ಚಿಕ್ಕದು, ಹಿಂದಿನದು ದೊಡ್ಡದು, ಆದರೂ ನಡೆಯುತ್ತದೆ. ಗೇರುಗಳನ್ನು ಆ ಎರಡು ಅಳತೆಗೆ ಹೊಂದಿಸಿಯೇ ಮಾಡಿರುತ್ತಾರೆ, ಅದೂ ಮುಂದಿನ ಚಕ್ರ ಶೇಕಡಾ 1 ರಿಂದ 5ರಷ್ಟು ಮುಂದಾಗಿ ಎಳೆಯುವಂತೆ. ಹಿಂದಕ್ಕೆ ಮಾತ್ರ ದೊಡ್ಡ ಅಳತೆ ಹಾಕಿಸಿದರೆ ಈ ಮುನ್ನಡೆ ಹೋಗಿ, ಮುಂದಿನ ಚಕ್ರಗಳು ಎಳೆಯುವ ಬದಲು ಬ್ರೇಕಿನಂತೆ ಅಡ್ಡಿಯಾಗುತ್ತವೆ. ಹಿಂದಿನವು ಪೂರ್ತಿ ಸವೆದಿರುವಾಗ ಮುಂದಕ್ಕೆ ಹೊಸದು ಹಾಕಿದರೆ ಮುನ್ನಡೆ ಮಿತಿಮೀರಿ ಹೊಸ ಟೈರೇ ಬೇಗ ತೇಯುತ್ತದೆ. ಯಾವ ಹಿಂದಿನ ಅಳತೆಗೆ ಯಾವ ಮುಂದಿನ ಅಳತೆ ಜೋಡಿ ಎಂಬ ಪಟ್ಟಿಯನ್ನು ಡೀಲರ್ ಬಳಿ ಕೇಳಿ. ಟ್ರೇಲರ್ ಕಟ್ಟಿಕೊಂಡು ಟಾರು ರಸ್ತೆಗೆ ಬಂದಾಗ ಫೋರ್ ವೀಲ್ ಲಿವರ್ ತೆಗೆದಿಡಿ. ಕಡಿದಾದ ಇಳಿಜಾರಿನಲ್ಲಿ ಮಾತ್ರ ನಾಲ್ಕೂ ಚಕ್ರದ ಹಿಡಿತ ಬೇಕಾಗುವುದರಿಂದ ಅಲ್ಲಿ ಕಂಪನಿಯ ಕೈಪಿಡಿ ಹೇಳಿದಂತೆ ಮಾಡಿ.

ನಮಸ್ಕಾರ.