ಡಬ್ಬಿಯಲ್ಲಿ ಸಿಗದ ಕಾರು

ಕೇಳುಗರಿಗೆ ನಮಸ್ಕಾರ.

1957ರ ಶೆವರ್ಲೆ ಬೆಲ್ ಏರ್ ಕಾರನ್ನು ನೀವು ಚಿತ್ರಗಳಲ್ಲಾದರೂ ನೋಡಿರುತ್ತೀರಿ. ಹಿಂಬದಿಯಲ್ಲಿ ಮೀನಿನ ರೆಕ್ಕೆಯ ಹಾಗೆ ಎದ್ದ ಅಂಚು, ಉದ್ದಕ್ಕೂ ಕ್ರೋಮಿನ ಹೊಳಪು. ಅಮೆರಿಕದ ಮಾದರಿ ಕಾರಿನ ಕಿಟ್‌ಗಳಲ್ಲಿ, ಅಂದರೆ ಡಬ್ಬಿಯಲ್ಲಿ ಬರುವ ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಪುಟಾಣಿ ಪ್ಲಾಸ್ಟಿಕ್ ಕಾರುಗಳಲ್ಲಿ, ಇದಕ್ಕೆ ಬಹುಪಾಲು ಎರಡೇ ಬಾಗಿಲು. ಮಕ್ಕಳುಮರಿ ಕಟ್ಟಿಕೊಂಡು ಓಡಾಡಿದ ಸಂಸಾರಗಳ ಕಾರಿಗೆ ನಾಲ್ಕು ಬಾಗಿಲಿದ್ದವು. ಅಪ್ಪ ಓಡಿಸುತ್ತಿದ್ದ ಆ ಕಾರೇ ಬೇಕು ಎನ್ನುವವರು ಏನು ಮಾಡಬೇಕು?

ಅಲ್ಲಿ ಬರುವುದು ರೆಸಿನ್ ಬಾಡಿ, ಅಂದರೆ ರೆಸಿನ್ ಎಂಬ ಗಟ್ಟಿಯಾಗುವ ದ್ರವದಿಂದ ಎರಕ ಹೊಯ್ದ ಕಾರಿನ ಹೊರಮೈ. ಯಾರೋ ಒಬ್ಬರು ತಾಳ್ಮೆಯಿಂದ ಒಂದು ಮೂಲ ಮಾದರಿ ಕೆತ್ತುತ್ತಾರೆ, ಅದರ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ಮಾಡುತ್ತಾರೆ, ಆ ಅಚ್ಚಿಗೆ ಎರಡು ದ್ರವ ಬೆರೆಸಿದ ಪಾಲಿಯುರೆಥೇನ್ ಎರಕ ಹೊಯ್ಯುತ್ತಾರೆ. ರಬ್ಬರ್ ಅಚ್ಚು ಬೇಗ ಸವೆಯುತ್ತದೆ. ಹಾಗಾಗಿ ಕಾರ್ಖಾನೆಯ ಲೆಕ್ಕದಲ್ಲಿ ಇದು ನಡೆಯುವುದಿಲ್ಲ, ಮನೆಯ ಷೆಡ್ಡಿನ ಲೆಕ್ಕದಲ್ಲಿ ನಡೆಯುತ್ತದೆ.

ಆದರೆ ನಿಮ್ಮ ಕೈಗೆ ಬರುವುದು ಹೆಚ್ಚಾಗಿ ಬರೀ ಚಿಪ್ಪು. ಎಂಜಿನ್, ಚಾಸಿ, ಚಕ್ರ, ಬಂಪರ್ ಎಲ್ಲವನ್ನೂ ಇನ್ನೊಂದು ಕಿಟ್‌ನಿಂದ ತೆಗೆಯಬೇಕು. ಹವ್ಯಾಸಿಗಳು ಅದನ್ನು ಡೋನರ್ ಕಿಟ್ ಎನ್ನುತ್ತಾರೆ. ದಾನಿಯನ್ನು ಆರಿಸುವಾಗ ಅಳತೆಪಟ್ಟಿ ಹಿಡಿಯಿರಿ. ಈ ಶೆವರ್ಲೆಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 115 ಇಂಚು. 25ರಲ್ಲಿ ಒಂದು ಪಾಲು ಅಳತೆಯಲ್ಲಿ ಅದು ಸುಮಾರು 117 ಮಿಲಿಮೀಟರ್, 24ರಲ್ಲಿ ಒಂದು ಪಾಲಿನಲ್ಲಿ ಸುಮಾರು 122. ಡಬ್ಬಿಯ ಮೇಲೆ ಎರಡು ಅಂಕಿಗಳೂ ಒಂದೇ ಎನ್ನುವಷ್ಟು ಹತ್ತಿರ ಕಾಣುತ್ತವೆ. ಚಕ್ರ ಮಾತ್ರ ಐದು ಮಿಲಿಮೀಟರ್ ಆಚೆ ಹೋಗಿ ಗೂಡಿನ ಅಂಚಿಗೆ ತಾಗುತ್ತದೆ.

ಅಳತೆ ಒಂದೇ ಇದ್ದರೂ ನಂಬಬೇಡಿ, ಎರಕ ಆರುವಾಗ ಒಂದಿಷ್ಟು ಕುಗ್ಗುತ್ತದೆ. ನನ್ನ ಮೊದಲ ರೆಸಿನ್ ಕಾರಿಗೆ ನಾಲ್ಕು ಕೈ ಬಣ್ಣ ಹೊಡೆದು, ಉಜ್ಜಿ, ಹೊಳಪು ಕೊಟ್ಟು, ಆಮೇಲೆ ಚಾಸಿ ಕೂರಿಸಲು ಹೋದೆ. ಕೂರಲಿಲ್ಲ. ಒತ್ತಿದೆ. ಬಾಗಿಲ ಕೆಳಗಿನ ಪಟ್ಟಿ ಬಿರುಕು ಬಿಟ್ಟ ಆ ಸದ್ದು ಇನ್ನೂ ಕಿವಿಯಲ್ಲಿದೆ. ಅಂದಿನಿಂದ, ಬಣ್ಣದ ಡಬ್ಬಿ ತೆರೆಯುವ ಮೊದಲು ಎಲ್ಲವನ್ನೂ ಅಂಟಿಲ್ಲದೆ ಟೇಪಿನಲ್ಲಿ ಹಿಡಿದು ಜೋಡಿಸಿ ನೋಡುತ್ತೇನೆ. ಚಾಸಿಯ ಅಂಚನ್ನು ಅರದಲ್ಲಿ ತುಸುತುಸುವೇ ಉಜ್ಜಿ ಮತ್ತೆ ನೋಡುತ್ತೇನೆ. ಒಂದು ವಾರ ಹಿಡಿದರೂ ಸರಿ.

ಬಾಡಿಯನ್ನು ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಕಿಟ್‌ನ ಮಾಮೂಲಿ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ರೆಸಿನ್ ಅದಕ್ಕೆ ಕರಗದು, ಸೂಪರ್ ಗ್ಲೂ ಬೇಕು. ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿಯೇ ಉಜ್ಜಿ, ಮುಖಕ್ಕೆ ಮಾಸ್ಕ್ ಇರಲಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಇನ್ನು ಒಳಭಾಗ. ದಾನಿ ಕಾರಿಗೆ ಎರಡೇ ಬಾಗಿಲು, ಆದ್ದರಿಂದ ಒಳಗಿನ ಪಕ್ಕದ ಹಲಗೆಯಲ್ಲಿ ಹಿಂದಿನ ಬಾಗಿಲೇ ಇಲ್ಲ. ಹಳೆಯ ಗೆರೆಯನ್ನು ಪುಟ್ಟಿಯಿಂದ ಮುಚ್ಚಿ ಹೊಸದನ್ನು ಕೊರೆಯಬೇಕು, ಕಿಟಕಿ ತಿರುಗಿಸುವ ಹಿಡಿಯನ್ನು ತಂತಿ ಬಾಗಿಸಿ ಮಾಡಬೇಕು. ಹಿಂದಿನ ಸೀಟಿನಲ್ಲಿ ಕೂತು ಆ ಹಿಡಿ ತಿರುಗಿಸಿದ ಮಗುವಿಗೆ ಇವತ್ತು ತಲೆ ನರೆತಿರುತ್ತದೆ. ಅವರು ಮೊದಲು ಹುಡುಕುವುದು ಅದನ್ನೇ.