ಗಂಟು ಕಟ್ಟಿದ ಕೈಗೆ ಮಣ್ಣು ಸಿಕ್ಕಾಗ

ಶ್ರೋತೃಗಳಿಗೆ ನಮಸ್ಕಾರ. ಹಗ್ಗದ ಗಂಟುಗಳಿಂದಲೇ ಯಕ್ಷಿಯನ್ನು ಕಟ್ಟಿ ನಿಲ್ಲಿಸಿದ ಶಿಲ್ಪಿ ಮೃಣಾಲಿನಿ ಮುಖರ್ಜಿಯವರ ಕೆಲಸದ ಬಗೆಯನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಅವರು ಹುಟ್ಟಿದ್ದು 1949ರಲ್ಲಿ, ಮುಂಬಯಿಯಲ್ಲಿ; ತಂದೆ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ, ತಾಯಿ ಶಿಲ್ಪಿ ಲೀಲಾ ಮುಖರ್ಜಿ. ಬರೋಡಾದಲ್ಲಿ ಕಲಾವಿದ ಕೆ. ಜಿ. ಸುಬ್ರಮಣ್ಯನ್ ಅವರ ಬಳಿ ಕಲಿತ ಮೃಣಾಲಿನಿಯವರು 1970ರ ದಶಕದ ಆರಂಭದಲ್ಲಿ ಹಿಡಿದ ಸೆಣಬಿನ ಹುರಿಯನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಕೈಬಿಡಲಿಲ್ಲ.

ಮಗ್ಗವಿಲ್ಲ, ಮೊದಲೇ ಬರೆದಿಟ್ಟ ನಕ್ಷೆಯೂ ಇಲ್ಲ. ಬಣ್ಣ ಹಾಕಿದ ಹುರಿಯನ್ನು ಲೋಹದ ಚೌಕಟ್ಟಿನ ಆಸರೆಯಲ್ಲಿ ಗಂಟಿನ ಮೇಲೆ ಗಂಟಾಗಿ ಬಿಗಿಯುತ್ತ ಹೋದಂತೆ ನೆರಿಗೆ, ಎಸಳು, ಕೇಸರಗಳು ಒಂದೊಂದಾಗಿ ಮೂಡಿ, ತಿಂಗಳುಗಳ ದುಡಿಮೆಯ ಕೊನೆಗೆ ಅರ್ಧ ಗಿಡ, ಅರ್ಧ ದೇವತೆ ಎನ್ನಬಹುದಾದ ಆಕೃತಿಯೊಂದು ಎದುರು ನಿಲ್ಲುತ್ತಿತ್ತು. ನಮ್ಮ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಮಾರಲಿಟ್ಟ ಬಾಳೆಹೂವಿನ ನೇರಳೆ ಹೊದಿಕೆ ಮೇಲೆದ್ದು ಒಳಗಿನ ಹೂಸಾಲನ್ನು ತೋರುವ ಬಗೆಯನ್ನು ಗಮನಿಸಿದವರಿಗೆ 1984ರ ‘ಯಕ್ಷಿ’ಯಾಗಲಿ 1994ರ ‘ವನಶ್ರೀ’ಯಾಗಲಿ ಅಪರಿಚಿತವೆನಿಸದು. ಹಗ್ಗವೆಂದೊಡನೆ ಕರಕುಶಲವೆಂದು ಬದಿಗೆ ಸರಿಸುವವರಿದ್ದಾರೆ. ಕಂಚು ಎರೆಯುವುದೂ ಕೈಕಸುಬೇ ಎಂಬುದನ್ನು ಅವರೇಕೆ ಮರೆಯುತ್ತಾರೋ ನಾನರಿಯೆ.

1990ರ ದಶಕದ ಮಧ್ಯಭಾಗದಲ್ಲಿ ನೆದರ್ಲೆಂಡ್ಸ್‌ನ ಯುರೋಪಿಯನ್ ಸೆರಾಮಿಕ್ ವರ್ಕ್ ಸೆಂಟರ್‌ನಲ್ಲಿ ಅವರು ಮಣ್ಣಿಗೆ ಕೈಹಚ್ಚಿದರು. ತಪ್ಪಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಬಹುದು, ಸುಟ್ಟ ಮಣ್ಣನ್ನು ಮತ್ತೆ ಕಲಸಲಾಗದು. ನಮ್ಮ ಪಾಟರಿ ಟೌನಿನ ಕುಂಬಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ದಪ್ಪ ಒಂದೇ ಸಮನಿಲ್ಲದಿದ್ದರೆ ಒಣಗುವಾಗಲೇ ಬಿರುಕು ಬಿಡುತ್ತದೆ, ಒಳಗೆ ತೇವ ಉಳಿದಿದ್ದರೆ ಮಡಕೆ ಸುಡುವ ಆವಿಗೆಯಲ್ಲಿ ಸಿಡಿಯುತ್ತದೆ. ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ ಬಗೆಯ ಮಣ್ಣಾದರೆ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕಂಡು, ಹಸಿಯಿದ್ದಾಗಿನ ಅಳತೆಯಲ್ಲಿ ಹತ್ತರಲ್ಲೊಂದು ಪಾಲಿನಷ್ಟನ್ನು ಕಳೆದುಕೊಂಡೇ ಹೊರಬರುತ್ತದೆ. ಹುರಿಯಲ್ಲಿ ನೆರಿಗೆಯನ್ನು ಇಳಿಬಿಡುತ್ತಿದ್ದವರು ಇಲ್ಲಿ ಹಸಿ ಮಣ್ಣಿನ ಹಾಳೆಯನ್ನು ಬಾಗಿಸಿ, ಅದು ಕುಸಿಯುವ ಮೊದಲೇ ನಿಲ್ಲಿಸಬೇಕಾಗಿತ್ತು. ‘ನೈಟ್ ಬ್ಲೂಮ್’ ಎಂಬ ಸೆರಾಮಿಕ್ ಕೃತಿಗಳಲ್ಲಿ ಕಾಣುವ ಬಿಗುವು ಈ ಅವಸರದ್ದೆಂದು ನನಗೆ ತೋರುತ್ತದೆ.

ಆಮೇಲೆ ಕಂಚು ಬಂತು. 2015ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಮೂರೂ ಮಾಧ್ಯಮಗಳ ಕೃತಿಗಳು ಒಟ್ಟಿಗೆ ನಿಂತವು. ಪ್ರದರ್ಶನ ತೆರೆದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಕಂಚಿಗೂ ಸುಟ್ಟ ಮಣ್ಣಿಗೂ ಮುಪ್ಪು ಬೇಗ ತಾಗದು. ಸೆಣಬಿನ ಹೂವಾದರೋ ಬೆಳಕಿಗೆ ಬಣ್ಣ ಮಾಸುತ್ತ, ತನ್ನ ಭಾರಕ್ಕೆ ತಾನೇ ಜಗ್ಗುತ್ತ, ಬಾಳೆತೋಟದ ಹೂವಿನಂತೆಯೇ ಕೆಳಕ್ಕೆ ಬಾಗುತ್ತದೆ.