ವಿಶೇಷ ಅಗತ್ಯದ ಮಕ್ಕಳು: ಎಚ್‌ಎಂಗೆ ಏನು ಗೊತ್ತಿರಬೇಕು?

ನಮಸ್ಕಾರ. ಯಾವುದಾದರೂ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿ, "ವಿಶೇಷ ಅಗತ್ಯದ ಮಕ್ಕಳನ್ನು ಇಲ್ಲಿ ಯಾರು ನೋಡ್ಕೊಳ್ತಾರೆ ಸರ್?" ಅಂತ ಎಚ್‌ಎಂ, ಅಂದರೆ ಮುಖ್ಯ ಶಿಕ್ಷಕರನ್ನು ಕೇಳಿ. "ಅದಕ್ಕೆ ಬಿಐಇಆರ್‌ಟಿ ಬರ್ತಾರಲ್ಲ" ಅನ್ನುವ ಉತ್ತರ ಸಿಗುವ ಸಾಧ್ಯತೆಯೇ ಜಾಸ್ತಿ.

ಬರ್ತಾರೆ, ನಿಜ. ಆದರೆ ಬಿಐಇಆರ್‌ಟಿ ಅಂದರೆ ಇಡೀ ತಾಲ್ಲೂಕು ಸುತ್ತುವ ಸಮನ್ವಯ ಶಿಕ್ಷಣದ (ವಿಶೇಷ ಅಗತ್ಯದ ಮಕ್ಕಳನ್ನು ಎಲ್ಲರ ಜೊತೆಗೇ ಕಲಿಸುವ ವ್ಯವಸ್ಥೆಯ) ಶಿಕ್ಷಕರು. ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣವೂ ಅವರ ತಲೆ ಮೇಲೇ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ತಾಲ್ಲೂಕುಗಳಲ್ಲಿ ಆ ಲೆಕ್ಕ ಇನ್ನೂ ದೂರದ ಮಾತು. ಬಿಐಇಆರ್‌ಟಿ ಬಂದು ಹೋದ ಮೇಲೆ ಉಳಿದ ದಿನವೆಲ್ಲ ಆ ಮಗು ಇರುವುದು ಎಚ್‌ಎಂ ಕೈಯಲ್ಲೇ ಅಲ್ವಾ?

ಎಚ್‌ಎಂಗೆ ಬ್ರೈಲ್ ಬರಬೇಕಿಲ್ಲ, ಸಂಜ್ಞೆ ಭಾಷೆ ಬರಬೇಕಿಲ್ಲ. ಯಾರನ್ನು, ಯಾವಾಗ, ಏನು ಕೇಳಬೇಕು ಅನ್ನುವುದು ಗೊತ್ತಿರಬೇಕು. ಅದನ್ನು ಅವರಿಗೆ ಹೇಳಿಕೊಟ್ಟವರು ಕಡಿಮೆ. ಸೇವಾ ಹಿರಿತನದ ಮೇಲೆ ಬಡ್ತಿ ಬರುತ್ತದೆ, ಕೈಗೆ ಬೀಗದ ಕೈ ಗೊಂಚಲು ಬರುತ್ತದೆ, ಜೊತೆಗೆ ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಶಾಲೆಯ ಅಂಕಿಅಂಶ ತುಂಬುವ ಯುಡೈಸ್ ಎಂಟ್ರಿ. ಸಣ್ಣ ಶಾಲೆಗಳಲ್ಲಂತೂ ಪಾಠ ಮಾಡುತ್ತಲೇ ಪ್ರಭಾರ ಹೊರಬೇಕು.

[ಪರದೆ ಮೇಲೆ: ವಿಕಲಚೇತನರ ಹಕ್ಕುಗಳ ಕಾಯ್ದೆ, 2016]

ಮೊದಲು ಕಾನೂನು. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು. 2016ರ ಕಾಯ್ದೆಯಲ್ಲಿ 21 ಆಯಿತು. ಆಟಿಸಂ, ಕಲಿಕಾ ನ್ಯೂನತೆ ಕೂಡ ಸೇರಿದವು. ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣ ಸಿಗಬೇಕು. ಅದು ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ ಅನ್ನುವ ಆಯ್ಕೆ ಮಗುವಿನದು. ಹಾಗಾಗಿ "ಇವನನ್ನು ಸ್ಪೆಷಲ್ ಸ್ಕೂಲಿಗೆ ಹಾಕಿ" ಅಂತ ದಾಖಲಾತಿ ದಿನವೇ ತಂದೆ ತಾಯಿಯನ್ನು ವಾಪಸ್ ಕಳಿಸುವಂತಿಲ್ಲ.

[ದೃಶ್ಯ: ಶಾಲೆ ಜಗಲಿ, ಅಳತೆ ಟೇಪ್]

ಈಗ ರ‍್ಯಾಂಪ್ ನೋಡೋಣ. ನಿಯಮ 1:12, ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಜಗಲಿ ಒಂದೂವರೆ ಅಡಿ ಇದ್ದರೆ 18 ಅಡಿ ರ‍್ಯಾಂಪ್ ಬೇಕು. ಕಂಟ್ರಾಕ್ಟರ್ ಆರೇಳು ಅಡಿಗೆ ಮುಗಿಸಿದರೆ ಮಳೆಗಾಲದಲ್ಲಿ ಅದು ಜಾರುಬಂಡಿ! ಫೋಟೋ ತೆಗೆದು ಕಡತಕ್ಕೆ ಸೇರಿಸಲು ಸಾಕು, ವೀಲ್‌ಚೇರ್‌ಗೆ ಸಾಲದು. ಬಿಲ್ಲಿಗೆ ಸಹಿ ಹಾಕುವ ಮುಂಚೆ ಎಚ್‌ಎಂ ಒಮ್ಮೆ ಟೇಪ್ ಹಿಡಿದು ಅಳೆದರೆ ಸಾಕು. ಹಾಗೇ ಶೌಚಾಲಯದ ಚಿಲಕ ವೀಲ್‌ಚೇರ್‌ನಲ್ಲಿ ಕೂತಿರುವ ಮಗುವಿನ ಕೈಗೆ ಎಟಕುತ್ತಾ ಅಂತಲೂ ನೋಡಿ.

ಬಿಐಇಆರ್‌ಟಿ ಬಂದ ದಿನ ಏನಾಗುತ್ತದೆ? ಎಷ್ಟೋ ಕಡೆ ಮಗುವನ್ನು ಜಗಲಿಯಲ್ಲಿ ಕೂರಿಸಿಕೊಂಡು ಒಂದಿಷ್ಟು ಚಟುವಟಿಕೆ ಮಾಡಿಸುತ್ತಾರೆ. ಸಂದರ್ಶಕರ ಪುಸ್ತಕಕ್ಕೆ ಸಹಿ ಬೀಳುತ್ತದೆ, ಚಹಾ ಆಗುತ್ತದೆ, ಹೊರಡುತ್ತಾರೆ. ಅಲ್ಲಿ ಏನು ನಡೆಯಿತು ಅಂತ ತರಗತಿ ಶಿಕ್ಷಕಿಗೆ ಗೊತ್ತೇ ಆಗುವುದಿಲ್ಲ. ಆ ಶಿಕ್ಷಕಿಯನ್ನು ದೂರಿ ಪ್ರಯೋಜನವಿಲ್ಲ. ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕಲಿಯುವ ನಲಿ-ಕಲಿ ಕೊಠಡಿಯಲ್ಲಿ ಮೂರೂ ತರಗತಿಯ ಮಕ್ಕಳನ್ನು ಬಿಟ್ಟು ಅವರು ಹೇಗೆ ಹೊರಗೆ ಬರಬೇಕು? ಎಚ್‌ಎಂ ಅರ್ಧ ಗಂಟೆ ಆ ಕೊಠಡಿ ನೋಡಿಕೊಳ್ಳಬೇಕು. ಆಗ ಶಿಕ್ಷಕಿ ಪಕ್ಕದಲ್ಲೇ ಕೂತು, "ಮುಂದಿನ ಸಲ ನೀವು ಬರುವವರೆಗೆ ನಾನೇನು ಮಾಡಿಸಲಿ?" ಅಂತ ಕೇಳಿ ಬರೆದುಕೊಳ್ಳಬಹುದು. ನನ್ನ ಪ್ರಕಾರ ನಾಯಕತ್ವ ತರಬೇತಿಯ ದಪ್ಪ ದಪ್ಪ ಕೈಪಿಡಿಗಳಿಗಿಂತ ಈ ಅರ್ಧ ಗಂಟೆ ಜಾಸ್ತಿ ಕೆಲಸ ಮಾಡುತ್ತದೆ.

ಕಷ್ಟ ಇರುವುದು ಕಣ್ಣಿಗೆ ಕಾಣದ ತೊಂದರೆಯಲ್ಲಿ. ನಾಲ್ಕನೇ ಕ್ಲಾಸಿನ ಹುಡುಗಿ ಬೋರ್ಡ್ ನೋಡಿ ದುಂಡಗೆ ಬರೆಯುತ್ತಾಳೆ. ಬರೆದದ್ದನ್ನೇ ಓದು ಅಂದರೆ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾಳೆ. ಬಾಯಿಲೆಕ್ಕದಲ್ಲಿ ಮಾತ್ರ ಚುರುಕು. "ಸೋಮಾರಿ" ಅಂತ ಹಣೆಪಟ್ಟಿ ಬೀಳುವುದು ಇಂಥವರಿಗೇ. ಎನ್‌ಸಿಇಆರ್‌ಟಿಯ ಪ್ರಶಸ್ತ್ ಅನ್ನುವ ಆ್ಯಪ್‌ನಲ್ಲಿ ಕಾಯ್ದೆಯ 21 ಬಗೆಗೂ ತಪಾಸಣೆ ಪಟ್ಟಿ ಇದೆ, ತರಗತಿ ಶಿಕ್ಷಕರೇ ತುಂಬಬಹುದು. ಅದು ರೋಗ ಪತ್ತೆ ಅಲ್ಲ, ಯಾರನ್ನು ಮುಂದೆ ತಜ್ಞರ ಹತ್ತಿರ ಕಳಿಸಬೇಕು ಅಂತ ತಿಳಿಯಲು ಅಷ್ಟೇ.

ತಡ ಮಾಡಿದರೆ ನಷ್ಟ ಮಗುವಿಗೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಬಗ್ಗೆ ಕಾಯ್ದೆಯಲ್ಲೇ ಮಾತಿದೆ. ಆದರೆ ಕೈಯಲ್ಲಿ ಅಂಗವೈಕಲ್ಯದ ಪ್ರಮಾಣಪತ್ರ ಇರಬೇಕು. ಹತ್ತನೇ ಕ್ಲಾಸಿನ ಡಿಸೆಂಬರ್‌ನಲ್ಲಿ ಅದಕ್ಕಾಗಿ ಜಿಲ್ಲಾಸ್ಪತ್ರೆಗೆ ಓಡಾಡುವ ತಂದೆ ತಾಯಿಯರಿದ್ದಾರೆ. ಆ ಕಡತ ಶುರುವಾಗಬೇಕಾದದ್ದು ಪ್ರಾಥಮಿಕ ಶಾಲೆಯಲ್ಲಿ, ಎಚ್‌ಎಂ ಮೇಜಿನ ಮೇಲೆ.

ನೀವು ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿದ್ದರೆ ಮುಂದಿನ ಸಭೆಯಲ್ಲಿ ಇಷ್ಟು ಕೇಳಿ: ಬಿಐಇಆರ್‌ಟಿ ಕೊನೆಯ ಸಲ ಬಂದದ್ದು ಯಾವಾಗ, ಆವತ್ತು ತರಗತಿ ಶಿಕ್ಷಕರಿಗೆ ಏನು ಹೇಳಿ ಹೋದರು?